ಗರಡಿಯಲ್ಲಿ ಪಳಗಿದ ಹುಡುಗನಿಗೆ ರಗ್ಬಿ ವೃತ್ತಿಯಾಗಬಲ್ಲದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನಮಸ್ಕಾರ. ನನ್ನ ಅಣ್ಣನ ಮಗನಿಗೆ ಈಗ ಹತ್ತೊಂಬತ್ತು ವರ್ಷ; ಇಲ್ಲಿಯೇ ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ಚಿಕ್ಕಂದಿನಿಂದ ಗರಡಿಯಲ್ಲಿ ಬೆಳೆದವನು, ದುಗ್ಗಮ್ಮನ ಜಾತ್ರೆಯಲ್ಲಿ ಎರಡು ಸಲ ಕುಸ್ತಿ ಹಿಡಿದಿದ್ದಾನೆ, ಕಾಲೇಜಿನ ಕಬಡ್ಡಿ ತಂಡದಲ್ಲೂ ಇದ್ದಾನೆ, ತೂಕ ಎಂಬತ್ತನಾಲ್ಕು ಕೆ.ಜಿ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗನ್ನು ನೋಡಿದ ಮೇಲೆ, ಓದು ಬಿಟ್ಟು ಬೆಂಗಳೂರಿಗೆ ಹೋಗಿ ವೃತ್ತಿಪರ ರಗ್ಬಿ ಆಟಗಾರನಾಗುತ್ತೇನೆಂದು ಹಟ ಹಿಡಿದಿದ್ದಾನೆ. ಚನ್ನಗಿರಿಯ ಕಡೆ ಎರಡೆಕರೆ ಅಡಿಕೆ ತೋಟ ನಂಬಿಕೊಂಡಿರುವ ಅಣ್ಣ, "ನನಗೆ ಆ ಆಟದ ಹೆಸರೂ ಸರಿಯಾಗಿ ಹೇಳಲು ಬರುವುದಿಲ್ಲ, ತಮ್ಮಾ, ನೀನೇ ವಿಚಾರಿಸಿ ಹೇಳು" ಎಂದು ಹೊಣೆಯನ್ನು ನನ್ನ ಮೇಲೆ ಹಾಕಿದ್ದಾನೆ. ಈ ವೃತ್ತಿ ಎಷ್ಟು ವರ್ಷದ್ದು, ಎಷ್ಟು ಭದ್ರ, ನಮ್ಮ ಹುಡುಗನಿಗೆ ದಾರಿಯಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ದಾವಣಗೆರೆಯವನು, ಈಗ ಬೆಂಗಳೂರು)

ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಈ ಆಟ ಆಡಿದ್ದೇನೆ; ದುಡ್ಡಿಗಾಗಿ ಆಡಿದವನಲ್ಲ, ಆದ್ದರಿಂದ ಅಷ್ಟರಮಟ್ಟಿಗೆ ನನ್ನ ಮಾತನ್ನು ತೂಗಿ ನೋಡಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಹುಡುಗ ನೋಡಿದ್ದು ಏಳು ಜನರ ಸೆವೆನ್ಸ್. ಇಂಗ್ಲೆಂಡ್, ಫ್ರಾನ್ಸ್, ದಕ್ಷಿಣ ಆಫ್ರಿಕಾಗಳಲ್ಲಿ ಸಂಸಾರ ನಡೆಸುವಷ್ಟು ಸಂಬಳ ಕೊಡುವುದು ಬಹುಮಟ್ಟಿಗೆ ಹದಿನೈದು ಜನರ, ಎಂಬತ್ತು ನಿಮಿಷಗಳ ರಗ್ಬಿ ಯೂನಿಯನ್. ಅಲ್ಲಿಯೂ ಇದು ಹಳೆಯ ವೃತ್ತಿಯೇನಲ್ಲ. 1995ರ ಆಗಸ್ಟ್‌ವರೆಗೆ ಯೂನಿಯನ್ ಆಟಗಾರರು ಆಟಕ್ಕೆಂದು ಸಂಬಳ ಪಡೆಯುವಂತೆಯೇ ಇರಲಿಲ್ಲ. ದೇಶಕ್ಕೆ ಆಡುವವರು ಕೂಡ ವಾರವಿಡೀ ಪೊಲೀಸರಾಗಿ, ವೈದ್ಯರಾಗಿ, ರೈತರಾಗಿ ದುಡಿದು ಶನಿವಾರ ಮೈದಾನಕ್ಕಿಳಿಯುತ್ತಿದ್ದರು. ಈಗ ಹದಿನೆಂಟರ ಆಸುಪಾಸಿನಲ್ಲಿ ಕ್ಲಬ್ಬಿನ ಅಕಾಡೆಮಿ, ಆಮೇಲೆ ಒಂದು, ಎರಡು, ಮೂರು ವರ್ಷಗಳ ಒಪ್ಪಂದಗಳು, ಮೂವತ್ತು ದಾಟಿದ ಮೇಲೆ ಮೈ ಯಾವಾಗ ಸಾಕೆನ್ನುತ್ತದೆಯೋ ಅಂದಿಗೆ ಮುಕ್ತಾಯ.

ನಡುವೆ ಏನಾದರೂ ಆಗಬಹುದು. 2003ರ ವಿಶ್ವಕಪ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತಿದ್ದಂತೆ ಕಂಬಗಳ ನಡುವೆ ಒದೆಯುವುದು) ಹೊಡೆದು ಇಂಗ್ಲೆಂಡನ್ನು ಗೆಲ್ಲಿಸಿದ ಜಾನಿ ವಿಲ್ಕಿನ್ಸನ್, ಒಂದರ ಹಿಂದೊಂದು ಗಾಯಗಳಿಂದಾಗಿ ಮತ್ತೆ ಇಂಗ್ಲೆಂಡಿಗೆ ಟೆಸ್ಟ್, ಅಂದರೆ ಅಂತರರಾಷ್ಟ್ರೀಯ ಪಂದ್ಯ, ಆಡಿದ್ದು 2007ರಲ್ಲಿ. ಆತನಾದರೂ ಮರಳಿ ಬಂದ. ಮೈ ಗಟ್ಟಿಯಾಗಿದ್ದರೂ ಕ್ಲಬ್ಬೇ ಮುಳುಗಬಹುದು: ಇಂಗ್ಲೆಂಡಿನ ಮೇಲ್ದರ್ಜೆಯ ವೂಸ್ಟರ್ ಮತ್ತು ವಾಸ್ಪ್ಸ್ 2022ರಲ್ಲಿ ದಿವಾಳಿಯಂಚಿಗೆ ಬಂದು ಋತುವಿನ ನಡುವೆಯೇ ಆಟಗಾರರು ಕೆಲಸ ಕಳೆದುಕೊಂಡರು, ಮರುವರ್ಷ ಲಂಡನ್ ಐರಿಷ್ ಕೂಡ ಅದೇ ಹಾದಿ ಹಿಡಿಯಿತು.

ನಮ್ಮ ಲೀಗಿಗೆ ಬಂದರೆ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳಿದ್ದವು, ಪಂದ್ಯಗಳು ಸುಮಾರು ಎರಡು ವಾರ ನಡೆದವು. ತಂಡದ ಜಾಗಗಳಲ್ಲಿ ವಿದೇಶಿ ಆಟಗಾರರದ್ದೂ ದೊಡ್ಡ ಪಾಲು. ಎರಡು ವಾರದ ಲೀಗನ್ನು ನಂಬಿ ಪದವಿ ಬಿಡುವುದನ್ನು ನಾನಂತೂ ಒಪ್ಪಲಾರೆ. ಆಟ ಬಿಡಬೇಕೆಂದೂ ಹೇಳಲಾರೆ. ಭಾರತದಲ್ಲಿ ಈ ಆಟವನ್ನೂ ತಿಂಗಳ ಸಂಬಳವನ್ನೂ ಒಟ್ಟಿಗೆ ಇಟ್ಟುಕೊಂಡವರಲ್ಲಿ ಸೈನಿಕರು ಮುಖ್ಯರು, ಸೇನೆಯ ತಂಡಗಳು ಬಹುಕಾಲದಿಂದ ಬಲಿಷ್ಠವಾಗಿವೆ. ಆ ದಾರಿಯನ್ನೂ ಹುಡುಗನ ಕಿವಿಗೆ ಹಾಕಿ.

ಉತ್ತರ 2 (ದೈಹಿಕ ಶಿಕ್ಷಣ ಶಿಕ್ಷಕ, ಚಿತ್ರದುರ್ಗ)

ಮೇಲಿನವರು ವೃತ್ತಿಯ ಮಾತು ಹೇಳಿದ್ದಾರೆ, ನಾನು ಮೈಯ ಮಾತು ಹೇಳುತ್ತೇನೆ. ಕುಸ್ತಿಯ ಮತ್ತು ಕಬಡ್ಡಿಯ ಹುಡುಗರಿಗೆ ರಗ್ಬಿ ಕಲಿಸಲು ಇಲ್ಲಿನ ಹಳೇ ಮಾಧ್ಯಮಿಕ ಶಾಲಾ ಮೈದಾನದಲ್ಲಿ ಪ್ರಯತ್ನಿಸಿದ್ದೇನೆ. ಓಡಿ ಬರುವವನ ತೊಡೆಗೆ ಕೈ ಹಾಕಿ ಕೆಡವುವುದರಲ್ಲಿ ಅವರಿಗೆ ಪಾಠ ಬೇಕಿಲ್ಲ. ತೊಂದರೆ ಶುರುವಾಗುವುದು ಕೆಡವಿದ ಮೇಲೆ. ಗರಡಿಯಲ್ಲಿ ಎದುರಾಳಿಯನ್ನು ನೆಲಕ್ಕೆ ಹಾಕಿದವನು ಪಟ್ಟು ಬಿಗಿ ಮಾಡುತ್ತಾನೆ. ರಗ್ಬಿಯಲ್ಲಿ ಕೆಡವಿದವನು ಆ ಕ್ಷಣವೇ ಕೈ ಸಡಿಲಿಸಿ ಪಕ್ಕಕ್ಕೆ ಸರಿಯಬೇಕು, ಬಿದ್ದವನು ಚೆಂಡು ಬಿಡಬೇಕು, ಇಲ್ಲವಾದರೆ ಪೆನಾಲ್ಟಿ. ನನ್ನ ಬಳಿ ಇದ್ದ ಒಬ್ಬ ಪೈಲ್ವಾನನು ಒಂದೇ ಪಂದ್ಯದಲ್ಲಿ ನಾಲ್ಕು ಸಲ ಹೀಗೆ ಸಿಕ್ಕಿಬಿದ್ದು, "ಹಿಡಿದಿದ್ದನ್ನು ಬಿಡು ಅಂತೀರಲ್ಲ ಸಾರ್" ಎಂದು ಮುನಿಸಿಕೊಂಡಿದ್ದ.

ಇನ್ನೊಂದು, ಇದಕ್ಕಿಂತ ಮುಖ್ಯವಾದದ್ದು, ತಲೆ. ಟ್ಯಾಕಲ್ ಮಾಡುವಾಗ ತಲೆ ಎದುರಾಳಿಯ ಮೈಯ ಹಿಂಬದಿಗೆ, ಕೆನ್ನೆ ಅವನ ಪೃಷ್ಠಕ್ಕೆ ತಾಗುವಂತೆ ಇರಬೇಕು. ಓಡಿ ಬರುವ ಮೊಣಕಾಲಿನ ದಾರಿಗೆ ಅಡ್ಡವಾಗಿ ತಲೆಯಿಟ್ಟರೆ ಅಲ್ಲಿಗೆ ಮುಗಿಯಿತು. ಕಬಡ್ಡಿಯಲ್ಲಿ ಎದುರಾಳಿ ಇಷ್ಟು ವೇಗದಲ್ಲಿ ಮೈಮೇಲೆ ಬರುವುದಿಲ್ಲವಾದ್ದರಿಂದ ಹುಡುಗರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಬತ್ತನಾಲ್ಕು ಕೆ.ಜಿ. ತೂಕ ಸೆವೆನ್ಸ್‌ಗೆ ಚೆನ್ನಾಗಿದೆ. ಹದಿನೈದರ ಆಟದ ಸ್ಕ್ರಮ್‌ನಲ್ಲಿ (ಎರಡೂ ತಂಡದವರು ಸಾಲುಗಟ್ಟಿ ಹೆಗಲಿಗೆ ಹೆಗಲು ಕೊಟ್ಟು ನೂಕುವ ಜಾಗ) ಮುಂದಿನ ಸಾಲಿಗೆ ನಿಲ್ಲಲು ಸಾಲದು, ಅಂತರರಾಷ್ಟ್ರೀಯ ಮಟ್ಟದಲ್ಲಿ ಆ ಜಾಗದವರು ಬಹುಪಾಲು ನೂರಹತ್ತು ಕೆ.ಜಿ. ಮೀರಿದವರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹುಡುಗನಿಗೆ ಓದಿ ಹೇಳಿದೆ. ಸೇನೆಯ ವಿಷಯಕ್ಕೆ ತಲೆಯಾಡಿಸಿದ, ಪದವಿಯ ವಿಷಯಕ್ಕೆ ಗೋಡೆ ನೋಡಿದ. ತಲೆಗೆ ಪೆಟ್ಟಿನ ಮಾತು ಕೇಳಿ ಅತ್ತಿಗೆ ಗಾಬರಿಯಾಗಿದ್ದಾರೆ. ಅದು ನಿಜವಾಗಿ ಎಷ್ಟು ಗಂಭೀರವಾದದ್ದು?

ಉತ್ತರ 3 (ಫಿಸಿಯೋಥೆರಪಿಸ್ಟ್, ದಾವಣಗೆರೆ)

ಗಂಭೀರವಾದದ್ದೇ, ಅತ್ತಿಗೆಯವರ ಗಾಬರಿ ಸುಳ್ಳಲ್ಲ. ವಿಲ್ಕಿನ್ಸನ್ ಜೊತೆಯಲ್ಲೇ 2003ರ ಆ ಫೈನಲ್ ಆಡಿದ ಸ್ಟೀವ್ ಥಾಂಪ್ಸನ್, ತಮಗೆ ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಅಕಾಲದಲ್ಲಿ ತಗಲಿದೆಯೆಂದೂ ಆ ವಿಶ್ವಕಪ್ ಗೆದ್ದದ್ದು ನೆನಪಿಲ್ಲವೆಂದೂ 2020ರಲ್ಲಿ ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ನಲವತ್ತೆರಡು ವರ್ಷ. ಇಂದು ದೊಡ್ಡ ಪಂದ್ಯಗಳಲ್ಲಿ ತಲೆಗೆ ಪೆಟ್ಟಿನ ಸಂಶಯವಿದ್ದರೆ ಆಟಗಾರನನ್ನು ಹನ್ನೆರಡು ನಿಮಿಷ ಹೊರಗೆ ಕೂರಿಸಿ ವೈದ್ಯರು ಪರೀಕ್ಷಿಸುತ್ತಾರೆ. ನಮ್ಮ ಮೈದಾನಗಳಲ್ಲಿ ಆ ವೈದ್ಯರಿಲ್ಲ, ಆದ್ದರಿಂದ ಇಲ್ಲಿ ನಿಯಮ ಇನ್ನೂ ಬಿಗಿಯಾಗಿರಬೇಕು: ಸಂಶಯ ಬಂದರೆ ಆ ದಿನದ ಆಟ ಮುಗಿಯಿತು, ವೈದ್ಯರು ಒಪ್ಪುವವರೆಗೆ ಮರಳುವಂತಿಲ್ಲ. "ನೀರು ಹಾಕಿಕೊಂಡು ಎದ್ದು ಆಡು" ಎನ್ನುವ ತರಬೇತುದಾರ ಸಿಕ್ಕರೆ ಹುಡುಗನನ್ನು ಅಲ್ಲಿಂದ ಬಿಡಿಸಿಬಿಡಿ.

ಉತ್ತರ 2ರವರು ಮತ್ತೆ

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಯಾವುದಾದರೂ ಭಾನುವಾರ ಬೆಳಿಗ್ಗೆ ಆರಕ್ಕೆ ಹುಡುಗನನ್ನು ದುರ್ಗಕ್ಕೆ ಕಳುಹಿಸಿ. ಬೂಟು ಮತ್ತು ಹಲ್ಲಿಗೆ ಹಾಕುವ ಮೌತ್‌ಗಾರ್ಡ್ ತರಲಿ. ಮೊದಲ ತಿಂಗಳು ಚೆಂಡು ಕೊಡುವುದಿಲ್ಲ, ತಲೆ ಎಲ್ಲಿಡಬೇಕೆಂಬುದನ್ನು ಮಾತ್ರ ಕಲಿಸುತ್ತೇನೆ ಎಂದು ಈಗಲೇ ಹೇಳಿಬಿಡಿ.