ಏಳನೇ ತರಗತಿಯ ಅನುಪಾತ: ಅನುಭವ ಇದ್ದವರು ಹೇಳಿ

ಧಾರವಾಡದಾಕೆ (ಪುಣೆ): ಜೂನ್‌ನಲ್ಲಿ ಊರು ಬಿಟ್ಟು ಇಲ್ಲಿಗೆ ಬಂದೆವು. ಮಗಳು 2:3ಕ್ಕೆ ಸಮ 4:5 ಎನ್ನುತ್ತಾಳೆ. ‘ಎರಡೂ ಕಡೆ ಎರಡು ಕೂಡಿಸಿದೆನಲ್ಲ’ ಎಂದು ವಾದ ಬೇರೆ. ನಕಾಶೆಯ ಸ್ಕೇಲ್ ಬಂದರಂತೂ ಅಳುವೇ. ಟ್ಯೂಷನ್‌ಗೆ ಹಾಕಲೇ, ಮನೆಯಲ್ಲೇ ಹೇಳಿಕೊಡಲೇ?

ಇಡ್ಲಿಭಟ್ಟ (ಮಾಟುಂಗ): ಅಕ್ಕಾ, ನನ್ನ ಮಗನೂ ಇದೇ ಜಾತಿ. ನಮ್ಮಲ್ಲಿ ದಿನಕ್ಕೆ 12 ಕಿಲೋ ಅಕ್ಕಿ, 3 ಕಿಲೋ ಉದ್ದು. ಚೌತಿಯ ವಾರ ಗಿರಾಕಿ ಹೆಚ್ಚು, ಅಕ್ಕಿ 16 ಮಾಡು ಎಂದೆ. ಅಕ್ಕಿಗೆ ನಾಲ್ಕು ಸೇರಿಸಿದವನು ಉದ್ದಿಗೂ ನಾಲ್ಕು ಸೇರಿಸಿದ. ನಾಲ್ಕು ಕಿಲೋ ಸಾಕಿದ್ದಲ್ಲಿ ಏಳು! ಬೆಳಿಗ್ಗೆ ಇಡ್ಲಿ ಚಪ್ಪಟೆ, ಅಂಟಂಟು. ಹೆಚ್ಚುವರಿ ಉದ್ದು ಕಿಲೋಗೆ 140ರಂತೆ 420 ರೂಪಾಯಿ. ಆರು ಗಂಟೆಗೇ ಬರುವ ಹಳೆಯ ಗಿರಾಕಿ ತಟ್ಟೆ ತಳ್ಳಿ ಎದ್ದು ಹೋದದ್ದಕ್ಕೆ ಲೆಕ್ಕವಿಲ್ಲ. ಅಂದಿನಿಂದ ಮಗ ತಪ್ಪಿಲ್ಲ. ಟ್ಯೂಷನ್ ಬೇಡ, ಅಡುಗೆಮನೆಗೆ ಕಳುಹಿಸಿ.

ಹಿಂಜವಡಿ ಅಮ್ಮ: ಎಲ್ಲರ ಮನೆಯಲ್ಲೂ ಹೋಟೆಲ್ ಇರುವುದಿಲ್ಲ ಸರ್. ನಾನು ಮಗನ ಟ್ಯೂಷನ್‌ಗೆ ನಾಲ್ಕು ತಿಂಗಳಿಗೆ 14,000 ಸುರಿದೆ. ಅಲ್ಲಿ ಕಲಿಸಿದ್ದು ಅಡ್ಡ ಗುಣಾಕಾರ ಒಂದೇ. ಪರೀಕ್ಷೆಯಲ್ಲಿ 20ಕ್ಕೆ 19 ಬಂತು. ಮರುವಾರ ಆರು ಜನರ ಶರಬತ್ತನ್ನು ಒಂಬತ್ತು ಜನರಿಗೆ ಮಾಡು ಎಂದರೆ ಬಾಯಿ ಬಿಟ್ಟು ನಿಂತ. ಆ 19 ಅಂಕವನ್ನು ಏನು ಮಾಡಲಿ?

ಮಡಗಾಂವ್ ಬಡಗಿ: ಸ್ಕೇಲ್ ವಿಷಯಕ್ಕೆ ಬನ್ನಿ, ಅಲ್ಲೇ ನಾನು ಸತ್ತದ್ದು. 1:50 ನಕ್ಷೆ, ಎ3 ಹಾಳೆ. ಹುಡುಗ ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಕುಗ್ಗಿಸಿ ತಂದ. ಹಾಳೆ ಅರ್ಧವಾದರೆ ಉದ್ದ ಅರ್ಧವಾಗುವುದಿಲ್ಲ, ಶೇ. 71ಕ್ಕೆ ಇಳಿಯುತ್ತದೆ. 6 ಸೆಂ.ಮೀ. ಇದ್ದ ಗೋಡೆ 4.2 ಆಯಿತು. ಮೂಲೆಯಲ್ಲಿ ಮಾತ್ರ 1:50 ಎಂದೇ ಅಚ್ಚು! ನಾನು 50ರಿಂದ ಗುಣಿಸಿ 2.1 ಮೀಟರಿನ ಕಪಾಟು ಮಾಡಿದೆ. ಗೋಡೆ 3 ಮೀಟರ್. ಪ್ಲೈವುಡ್ ಒಂಬತ್ತು ಹಾಳೆ, 2,900ರಂತೆ 26,100. ಕೂಲಿ 4,800. ಟೆಂಪೋ 1,500. ಒಟ್ಟು 32,400 ಮಣ್ಣುಪಾಲು. ಅಂಕಿಯ ಬದಲು ಗೆರೆಯ ಸ್ಕೇಲ್ (ಇಷ್ಟುದ್ದದ ಗೆರೆಗೆ ಇಷ್ಟು ಮೀಟರ್ ಎಂದು ತೋರಿಸುವುದು) ಹಾಕಿದ್ದರೆ ನಕ್ಷೆಯ ಜೊತೆ ಅದೂ ಕುಗ್ಗುತ್ತಿತ್ತು, ನಾನು ಉಳಿಯುತ್ತಿದ್ದೆ.

ಡೊಂಬಿವಲಿ ಮೇಷ್ಟ್ರು: ಹಲಗೆ ಕೊಯ್ಯುವ ಮೊದಲು ಗೋಡೆಯ ಮುಂದೆ ಟೇಪ್ ಹಿಡಿಯದವರಿಗೆ ಯಾವ ಸ್ಕೇಲ್ ಕೊಟ್ಟರೂ ಅಷ್ಟೇ. ನಾನು 31 ವರ್ಷ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ತ್ರೈರಾಶಿ, ಅಂದರೆ ಗೊತ್ತಿರುವ ಮೂರು ಅಂಕಿಯಿಂದ ನಾಲ್ಕನೆಯದನ್ನು ಹುಡುಕುವ ಲೆಕ್ಕ, ಕಲಿಸಿದವನು. ಸರ್ವೇ ನಕಾಶೆ 1:50,000 ಇದ್ದರೆ 2 ಸೆಂ.ಮೀ.ಗೆ ಒಂದು ಕಿ.ಮೀ. ಹಾಗಾದರೆ ಒಂದು ಚದರ ಸೆಂ.ಮೀ. ಎಷ್ಟು? ಎಲ್ಲರೂ ಅರ್ಧ ಚದರ ಕಿ.ಮೀ. ಎನ್ನುತ್ತಾರೆ. ಕಾಲು! ಉದ್ದವೂ ಅರ್ಧ, ಅಗಲವೂ ಅರ್ಧ ಅಲ್ಲವೇ. ತಪಾಸಣೆಗೆ ಬಂದವರ ಎದುರು ನಾನೇ ಒಮ್ಮೆ ಅರ್ಧ ಎಂದು ಹಲಗೆಯ ಮೇಲೆ ಬರೆದಿದ್ದೆ. ಆ ಸೀಮೆಸುಣ್ಣ ಇನ್ನೂ ಬೆರಳಿಗೆ ಅಂಟಿದಂತಿದೆ. ಭಟ್ಟರ ಇಡ್ಲಿಯಿಂದ ಇದು ಬರುವುದಿಲ್ಲ.

ಇಡ್ಲಿಭಟ್ಟ (ಮಾಟುಂಗ): ಮೇಷ್ಟ್ರೇ, ನಿಮ್ಮ ಚದರ ಸೆಂಟಿಮೀಟರಿನಿಂದ ಯಾರ ಹೊಟ್ಟೆಯೂ ತುಂಬಿಲ್ಲ.

ಮಡಗಾಂವ್ ಬಡಗಿ: ಟೇಪ್ ವಿಷಯ ಎತ್ತಬೇಡಿ ಸರ್. ಫ್ಲ್ಯಾಟಿನ ಬೀಗದ ಕೈಯೇ ಆಗ ಸಿಕ್ಕಿರಲಿಲ್ಲ.

ಹಿಂಜವಡಿ ಅಮ್ಮ: ಇನ್ನೊಂದು ಗೊಂದಲ. ಅನುಪಾತಕ್ಕೆ ಮರಾಠಿ ಪುಸ್ತಕದಲ್ಲಿ ‘ಗುಣೋತ್ತರ’ ಎಂದಿದೆ. ನಾವು ಊರಲ್ಲಿ ಓದಿದ್ದು ಗುಣೋತ್ತರ ಶ್ರೇಢಿ, ಅದು 2, 6, 18 ಎಂದು ಬೆಳೆಯುವ ಸಾಲು. ನಾನು ಅದನ್ನೇ ಒಂದು ಭಾನುವಾರ ಪೂರ್ತಿ ಕಲಿಸಿದೆ.

ಡೊಂಬಿವಲಿ ಮೇಷ್ಟ್ರು: ಪಾಠ ತೆರೆದು ಒಂದು ಲೆಕ್ಕ ನೋಡಿದ್ದರೆ ಭಾನುವಾರ ಉಳಿಯುತ್ತಿತ್ತು.

ಹಿಂಜವಡಿ ಅಮ್ಮ: ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ ಹಿಡಿಯುವವರಿಗೆ ಈ ಉಪದೇಶ ಸುಲಭ ಸರ್!

ಧಾರವಾಡದಾಕೆ (ಪುಣೆ): ಟ್ಯೂಷನ್ ಬಗ್ಗೆ ಭಟ್ಟರನ್ನು ಬಿಟ್ಟರೆ ಯಾರೂ ಖಚಿತವಾಗಿ ಹೇಳಲಿಲ್ಲ. ಇರಲಿ. ಇಡ್ಲಿಯ ಕಥೆ ಓದಿ ಮಗಳು ಕೇಳಿದಳು: ಉದ್ದು ಏಳು ಬಿದ್ದಮೇಲೆ ಅಕ್ಕಿಯನ್ನು 28 ಮಾಡಿದ್ದರೆ ಆಗುತ್ತಿತ್ತಲ್ಲ, ಇನ್ನು 12 ಕಿಲೋ ಹಾಕಬಾರದಿತ್ತೇ ಎಂದು.

ಇಡ್ಲಿಭಟ್ಟ (ಮಾಟುಂಗ): ಅಕ್ಕಾ, 35 ಕಿಲೋ ನೆನೆಸುವ ಪಾತ್ರೆಯನ್ನು ಮೇಷ್ಟ್ರು ಕೊಡಿಸುತ್ತಾರೆಯೇ?