ಕಡಲತೀರದ ಗಾಳಿಗೆ ನಿಲ್ಲುವ ಆಂಟೆನಾ ಕಂಬ: ಮಾಡಿದವರು ತಿಳಿಸಿ

ಪ್ರಶ್ನೆ, ಸುರತ್ಕಲ್: ಎರಡು ಮಹಡಿ ಮನೆಯ ಟೆರೇಸಿನಲ್ಲಿ 9 ಮೀಟರ್ ಜಿಐ ಪೈಪ್ ನಿಲ್ಲಿಸಿ, ತುದಿಗೆ ಮೂರು ಎಲಿಮೆಂಟಿನ (ಅಡ್ಡಕಡ್ಡಿಯ) ಎಚ್‌ಎಫ್ ಯಾಗಿ, ಅಂದರೆ ಶಾರ್ಟ್‌ವೇವ್ ರೇಡಿಯೋದ ಆಂಟೆನಾ, ಕಟ್ಟಬೇಕೆಂದಿದೆ. ಎರಡಿಂಚಿನ ಪೈಪ್ ಸಾಕಾ? ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ ಗೈ ವೈರನ್ನು ಪ್ಯಾರಪೆಟ್‌ಗೆ ಕಟ್ಟಬಹುದಾ?

ಉತ್ತರ, ಮಲ್ಪೆ: ಪೈಪ್ ತರುವ ಮೊದಲು ಲೆಕ್ಕ ಹಾಕಿ ಮಾರಾಯ್ರೇ. ಕಟ್ಟಡದ ಮೇಲಿನ ಭಾರ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಆ 39ರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ 93 ಕಿಲೋ ಒತ್ತಡ. ಆಂಟೆನಾದ ಗಾಳಿ ಹಿಡಿಯುವ ಮೈ ಅರ್ಧ ಚದರ ಮೀಟರ್ ಇದ್ದರೆ, ಆಕಾರದ ಗುಣಾಂಕ 1.2 ಸೇರಿಸಿ, 55 ಕಿಲೋದಷ್ಟು ತಳ್ಳುತ್ತದೆ.

ಎರಡಿಂಚಿನ ಮೀಡಿಯಂ ಕ್ಲಾಸ್ ಪೈಪಿನ ಹೊರವ್ಯಾಸ 60.3 ಮಿ.ಮೀ., ಗೋಡೆ ದಪ್ಪ 3.6. ಮೇಲಿನ ಗೈಯಿಂದ ಆಂಟೆನಾ 3 ಮೀಟರ್ ಎತ್ತರದಲ್ಲಿದ್ದರೆ, ಪೈಪಿಗೇ ಬಡಿಯುವ ಗಾಳಿಯೂ ಸೇರಿ, ಅದು ಬಗ್ಗಿ ಮತ್ತೆ ನೆಟ್ಟಗಾಗದ ಹಂತಕ್ಕೆ ಹತ್ತಿರ ಹೋಗುತ್ತದೆ. 1 ಮೀಟರಿಗೆ ಇಳಿಸಿ, ಪೈಪನ್ನು ಬಗ್ಗಿಸುವ ಒತ್ತಡ ಮೂರನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಗೈ 4.5 ಮತ್ತು 8 ಮೀಟರಿನಲ್ಲಿ, ಎರಡು ಹಂತ. ಗೋಡೆ ತೆಳುವಾದ ಲೈಟ್ ಕ್ಲಾಸ್ ಪೈಪ್ ಖಂಡಿತ ಬೇಡ.

ಕದ್ರಿ: ಪ್ಯಾರಪೆಟ್ ಬೇಡವೇ ಬೇಡ. ಕೆಂಪುಕಲ್ಲಿನಲ್ಲಿ ಆಂಕರ್ ಬೋಲ್ಟ್ ಹಿಡಿತ ಕೊಡುವುದಿಲ್ಲ, ಗೋಡೆ ಸಮೇತ ಕಿತ್ತು ಬರುತ್ತದೆ. ಪಿಲ್ಲರ್ ಅಥವಾ ಬೀಮಿನ ಕಾಂಕ್ರೀಟಿಗೇ ಹಾಕಿ. ಹತ್ತಿರದ ತೆಂಗಿನ ಮರಕ್ಕೂ ಕಟ್ಟಬೇಡಿ, ಅದು ತೂಗಿದಷ್ಟೂ ಕಂಬವನ್ನು ಜಗ್ಗುತ್ತದೆ.

ದೂರವೂ ಮುಖ್ಯ. 8 ಮೀಟರ್ ಎತ್ತರದ ಗೈಯನ್ನು ಕಂಬದ ಬುಡದಿಂದ 5 ಮೀಟರ್ ಆಚೆ ಕಟ್ಟಿದರೆ ತಂತಿಯ ಎಳೆತ ಗಾಳಿಯ ಬಲದ ಎರಡು ಪಟ್ಟಿನ ಒಳಗೆ. ಜಾಗವಿಲ್ಲವೆಂದು 2 ಮೀಟರಿಗೆ ತಂದರೆ ನಾಲ್ಕು ಪಟ್ಟು, ಕಂಬವನ್ನು ಕೆಳಕ್ಕೆ ಒತ್ತುವ ಭಾರವೂ ಹಾಗೇ ಏರುತ್ತದೆ. ಟೆರೇಸ್ ಚಿಕ್ಕದಾದರೆ ಕಂಬವನ್ನೇ ಗಿಡ್ಡ ಮಾಡಿ.

ಉಡುಪಿ: ಮೇಲಿನವರು ಬಿಟ್ಟದ್ದು ಉಪ್ಪುಗಾಳಿ. ನಮ್ಮಲ್ಲಿ ಹೆಚ್ಚಾಗಿ ಮೊದಲು ಹೋಗುವುದು ಪೈಪಲ್ಲ, ಅಗ್ಗದ ಯು-ಬೋಲ್ಟ್ ಮತ್ತು ತಂತಿ ಹಿಡಿಯುವ ಕ್ಲಿಪ್. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿ ಲೇಪ) ಮಾಡಿದ್ದೇ ತನ್ನಿ. ಆಂಟೆನಾದ ನಡುವಿನ ಅಲ್ಯೂಮಿನಿಯಂ ಬೂಮಿಗೆ (ಕೊಳವೆಗೆ) ಸ್ಟೀಲ್ ತಾಗುವಲ್ಲಿ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಇಲ್ಲವಾದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಗೈ ತಂತಿಯ ಪ್ರತಿ ತುದಿಗೆ ತಿಂಬಲ್ (ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಒಂದು, ಕ್ಲಿಪ್ ಮೂರು. ಕ್ಲಿಪ್ಪಿನ ಸ್ಯಾಡಲ್, ಅಂದರೆ ಯು-ಬೋಲ್ಟಿನ ಎದುರಿನ ಅಗಲ ತುಂಡು, ಭಾರ ಹೊರುವ ತಂತಿಯ ಕಡೆ ಇರಬೇಕು. ತಿರುವಿ ಹಾಕಿದರೆ ಯು-ಬೋಲ್ಟ್ ಆ ತಂತಿಯನ್ನೇ ಜಜ್ಜುತ್ತದೆ. ಗೈಯ ಬಿಗಿತ ತಂತಿ ಕಡಿಯುವ ಬಲದ ಹತ್ತನೇ ಒಂದು ಇರಲಿ. ತಿರುಗಿಸಿ ತಂತಿ ಬಿಗಿಮಾಡುವ ಟರ್ನ್‌ಬಕಲ್ ಗಾಳಿಯ ನಡುಕಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ, ಅದರ ಎರಡೂ ಕಣ್ಣಿಗೆ ತಂತಿ ಪೋಣಿಸಿ ಬಿಗಿಯಿರಿ.

ಇದನ್ನೆಲ್ಲ ಜೂನ್‌ಗೆಂದು ಇಟ್ಟುಕೊಳ್ಳಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಗೆ ಬಡಿದದ್ದು ಮೇ ತಿಂಗಳಲ್ಲಿ. ಏಪ್ರಿಲ್ ಒಳಗೆ ಬೋಲ್ಟ್ ಬಿಗಿದು, ಕಂಬದ ಅರ್ಥಿಂಗ್ ಕೂಡ ನೋಡಿಸಿ.