‘ಶಿಂಗಲ್ಡ್’ ಡಿಸ್ಕಿಗೆ ಕನ್ನಡದಲ್ಲಿ ಏನನ್ನೋಣ? ಕಲಬುರಗಿಯಲ್ಲಿ ‘ಹಂಚು’ ನಡೆಯಲ್ಲ

ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅರ್ಜೆಂಟ್.

ಕಲಬುರಗಿಯ ಒಂದು ಕಾಲೇಜಿನ ಲೈಬ್ರರಿಗೆ ಹಳೆ ಪುಸ್ತಕಗಳ ಸ್ಕ್ಯಾನ್ ಇಡೋಕೆ ಮೂರು ಸರ್ವರ್‌ಗಳ ಸೆಫ್ ಕ್ಲಸ್ಟರ್ ಮಾಡುತ್ತಿದ್ದೇವೆ. ಸೆಫ್ ಅಂದರೆ ಹಲವು ಸರ್ವರ್‌ಗಳ ಡಿಸ್ಕುಗಳನ್ನು ಕೂಡಿಸಿ ಒಂದೇ ಸಂಗ್ರಹದ ಹಾಗೆ ನಡೆಸುವ ಸಾಫ್ಟ್‌ವೇರ್. ದುಡ್ಡು ಕಮ್ಮಿ. ಒಂದೊಂದು ಫೈಲನ್ನೂ 3 ಕಡೆ ಇಡುತ್ತೆ, ಅಂದರೆ 12 ಟಿಬಿ ಕೊಂಡರೆ ಕೈಗೆ 4 ಟಿಬಿಯೂ ಪೂರ್ತಿ ಸಿಗಲ್ಲ. ಹಾಗಾಗಿ ಸ್ಕ್ಯಾನ್‌ಗಳಿಗೆ 7200 ಆರ್‌ಪಿಎಂ ಸಾಟಾ ಹಾರ್ಡ್‌ಡಿಸ್ಕ್, ಯಾವುದು ಎಲ್ಲಿದೆ ಅನ್ನೋ ಲೆಕ್ಕಕ್ಕೆ ಸರ್ವರಿಗೊಂದು ಚಿಕ್ಕ ಎಸ್‌ಎಸ್‌ಡಿ, ಅದೂ ಕರೆಂಟ್ ಹೋದರೆ ಬರೆಯುತ್ತಿದ್ದದ್ದನ್ನು ಉಳಿಸಿಕೊಳ್ಳುವಂಥದ್ದು. ಇದನ್ನೆಲ್ಲ ಖರೀದಿ ಕಮಿಟಿಗೆ ಕನ್ನಡದಲ್ಲೇ ಬರೆದುಕೊಡಬೇಕು.

ತೊಡಕು ಎಸ್‌ಎಂಆರ್ ಹತ್ತಿರ, ಅಂದರೆ ಮನೆ ಮೇಲಿನ ಹೆಂಚಿನ ಹಾಗೆ ಬರೆಯೋ ‘ಶಿಂಗಲ್ಡ್’ ಡಿಸ್ಕು. ಅಗ್ಗದ ಡಿಸ್ಕುಗಳಲ್ಲಿ ಹಲವು ಇದೇ ಜಾತಿ. ಜಾಗ ಉಳಿಸೋಕೆ ಒಂದು ಟ್ರ್ಯಾಕಿನ (ಡಿಸ್ಕಿನಲ್ಲಿ ಮಾಹಿತಿ ಬರೆಯೋ ಸಾಲಿನ) ಅಂಚಿನ ಮೇಲೆ ಇನ್ನೊಂದನ್ನು ಏರಿಸಿ ಬರೆದಿರುತ್ತಾರೆ. ಓದೋಕೆ ಏನೂ ತೊಂದರೆ ಇಲ್ಲ. ಆದರೆ ನಡುವೆ ಒಂದನ್ನು ತಿದ್ದಬೇಕಾದರೆ ಅದರ ಮುಂದಿನವನ್ನೂ ಮತ್ತೆ ಬರೆಯಬೇಕು, ಇನ್ನು ಒಂದು ಡಿಸ್ಕ್ ಸತ್ತು ಕ್ಲಸ್ಟರ್ ತನ್ನನ್ನು ತಾನೇ ಸರಿಮಾಡಿಕೊಳ್ಳುವಾಗಂತೂ ವೇಗ ಪಾತಾಳಕ್ಕೆ. 2020ರಲ್ಲಿ ದೊಡ್ಡ ಕಂಪನಿಗಳೇ ಇದನ್ನು ಹೇಳದೆ ಮಾರಿದ್ದು ಬಯಲಾಯಿತಲ್ವಾ? ಅದಕ್ಕೇ ಕೊಟೇಶನ್‌ನಲ್ಲಿ ‘ಸಿಎಂಆರ್ ಮಾತ್ರ’ (ಟ್ರ್ಯಾಕುಗಳು ಒಂದರ ಮೇಲೊಂದು ಏರದ ಮಾಮೂಲಿ ಡಿಸ್ಕು) ಅಂತ ಬರೆಸಬೇಕು. ಯಾಕೆ ಅಂತ ಕಮಿಟಿಗೆ ತಿಳಿಯಬೇಕು.

ಗೆಳೆಯರೊಬ್ಬರು ‘ಹೆಂಚುಜಾಡು’ ಅಂದರು. ಮನೆ ಮೇಲೆ ಹೆಂಚು ಹೊದಿಸೋ ಮಂಗಳೂರಿನವರಿಗೆ ಸರಿ. ನಮ್ಮಲ್ಲಿ ಹಳೆ ಮನೆಗಳ ಮೇಲೆ ಮಣ್ಣಿನ ಮಾಳಿಗೆ, ಇಲ್ಲಾ ಶಹಾಬಾದ್ ಕಲ್ಲು. ‘ಹಂಚು’ ಅಂದರೆ ಜೋಳದ ರೊಟ್ಟಿ ಸುಡೋದು. ಸಾಲದ್ದಕ್ಕೆ ಅದೇ ಪುಟದಲ್ಲಿ ‘ಮಾಹಿತಿಯನ್ನು ಮೂರು ಸರ್ವರಿಗೆ ಹಂಚುತ್ತದೆ’ ಅಂತಲೂ ಇದೆ. ಓದುವವರು ಯಾವ ಹಂಚು ಹಿಡಿಯಬೇಕು?

ಟ್ರ್ಯಾಕಿಗೆ ‘ಜಾಡು’ ಚೆನ್ನಾಗಿದೆ, ಅದನ್ನು ಬಿಡಲ್ಲ. ‘ಒತ್ತುಜಾಡು’ ಯೋಚಿಸಿದೆ. ಆದರೆ ಒತ್ತಾಗಿ ಬಿತ್ತಿದ ತೊಗರಿ ಸಾಲು ಹತ್ತಿರ ಇರುತ್ತೆ ಅಷ್ಟೇ, ಒಂದರ ಮೇಲೊಂದು ಏರಲ್ಲ. ‘ಅತಿವ್ಯಾಪ್ತ ಪಥ’ ಅಂತ ಬರೆದರೆ ಕಮಿಟಿಯವರು ಸುಮ್ನೆ ಸಹಿ ಹಾಕುತ್ತಾರೆ, ಓದಲ್ಲ. ಸದ್ಯಕ್ಕೆ ‘ಏರುಜಾಡು’, ಸಿಎಂಆರ್‌ಗೆ ‘ಬಿಡಿಜಾಡು’ ಅಂತ ಇಟ್ಟಿದ್ದೇನೆ. ಎರಡನೆಯದರ ಮೇಲೆ ಅನುಮಾನ ಜಾಸ್ತಿ, ಯಾಕೆಂದರೆ ಸ್ಪೇರ್ ಡಿಸ್ಕಿಗೆ ಆಗಲೇ ‘ಬಿಡಿ ಡಿಸ್ಕ್’ ಅಂತ ಬರೆದುಬಿಟ್ಟಿದ್ದೇನೆ.

ಬೀದರ್, ಯಾದಗಿರಿ ಕಡೆಯವರು ಹೇಳಿ: ಒಂದು ಕಲ್ಲಿನ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಕೂರಿಸೋದಕ್ಕೆ ನಿಮ್ಮೂರ ಗೌಂಡಿಗಳು ಏನಂತಾರೆ?